ಎಲ್ಲರಿಗೂ ಕೊಟ್ಟ ಚಿತ್ರ

ನನ್ನ ಸೋದರಮಾವನ ಮಗ ತಿಪಟೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದ. ಅವನ ಊರು ಹುಳಿಯಾರಿನ ಆಚೆ. ದಿನಾ ಓಡಾಡುವುದು ಕಷ್ಟ ಎಂದು ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದ. ನಾನು ಹೊನ್ನವಳ್ಳಿ ಹತ್ತಿರದ ನಮ್ಮ ಊರಿನಿಂದ ಬಸ್ಸಿನಲ್ಲಿ ತಿಪಟೂರಿನ ಕಾಲೇಜಿಗೆ ಬರುತ್ತಿದ್ದೆ. ಎರಡು ಸಾವಿರದ ಐದೋ ಆರೋ ಇಸವಿ ಇರಬೇಕು. ಕ್ಲಾಸು ಮುಗಿದು ಬಸ್ಸಿಗೆ ಇನ್ನೂ ಹೊತ್ತಿದ್ದರೆ ಆ ಕೇಂದ್ರಕ್ಕೆ ಹೋಗಿ ಕೂರುತ್ತಿದ್ದೆ. ಯಾರೂ ಏನೂ ಅನ್ನುತ್ತಿರಲಿಲ್ಲ. ನಮ್ಮ ಕಡೆ ಮಾವನ ಮಗ ಅಂದರೆ ಅರ್ಧ ಲಗ್ನ ಆದ ಹಾಗೇ. ಎರಡೂ ಮನೆಯ ಹಿರಿಯರು ಬಾಯಿಬಿಟ್ಟು ಆಡಿರಲಿಲ್ಲ. ಆದರೂ ಆ ಮಾತು ಗಾಳಿಯಲ್ಲಿತ್ತು, ನಮ್ಮಿಬ್ಬರಿಗೂ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದೆವು.

ಆಗ ಅವನಿಗೊಂದು ಹುಚ್ಚು ಹತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಕನ್ನಡದ್ದೊಂದು ಸುದ್ದಿತಾಣ. ಅದಕ್ಕೆ ಸಂಬಳದ ವರದಿಗಾರರು ಇರಲಿಲ್ಲ, ಸಂಪಾದಕರೂ ಇರಲಿಲ್ಲ. ಯಾರು ಬೇಕಾದರೂ ತಮ್ಮ ಊರಿನ ಸುದ್ದಿ ಬರೆದು ಹಾಕಬಹುದು. ಇನ್ನೆಲ್ಲೋ ಕೂತ ಇನ್ಯಾರೋ ಅದನ್ನು ತಿದ್ದಬಹುದು, ಬೆಳೆಸಬಹುದು, ಸುಳ್ಳೆನಿಸಿದರೆ ತೆಗೆದುಹಾಕಬಹುದು. ಪೇಪರಿನವರು ನಮ್ಮ ಕಡೆಯ ಸುದ್ದಿಯನ್ನು ಒಳಪುಟದ ಮೂಲೆಗೆ ತಳ್ಳುತ್ತಾರೆ ಎನ್ನುವ ಸಿಟ್ಟು ಅವನಿಗೆ ಮೊದಲಿಂದ ಇತ್ತು. ಕೆರೆ ಏರಿ ಬಿರುಕು ಬಿಟ್ಟದ್ದು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಲ್ಲಿಸದೆ ಹೋಗುವುದು, ತೆಂಗಿಗೆ ನುಸಿ ಹತ್ತಿದ್ದು, ಎಲ್ಲವನ್ನೂ ಬರೆಯುತ್ತಿದ್ದ. ನಾನು ಪಕ್ಕದಲ್ಲಿ ಕೂತು ಕಾಗುಣಿತ ನೋಡುತ್ತಿದ್ದೆ. ಎಷ್ಟೋ ಸಲ ಅಕ್ಷರಗಳೆಲ್ಲ ಬರೀ ಚೌಕಗಳಾಗಿ ಕಾಣಿಸುತ್ತಿದ್ದವು. ಅವನು ಬೈದುಕೊಳ್ಳುತ್ತ ಅದೇನೇನೋ ಒತ್ತಿ ಸರಿಮಾಡುತ್ತಿದ್ದ. ಆ ಚೌಕಗಳು ಮೆಲ್ಲನೆ ಕನ್ನಡವಾಗುವುದನ್ನು ನೋಡುವುದು ನನಗೆ ಇಷ್ಟವಾಗಿತ್ತು.

ಒಂದು ಸಲ ಕೊಬ್ಬರಿ ಬೆಲೆ ಬಿದ್ದಾಗ ಅವನು ಉದ್ದದ ಸುದ್ದಿ ಬರೆದ. ಅದರ ಜೊತೆಗೆ ದಿನಪತ್ರಿಕೆಯೊಂದರಲ್ಲಿ ಬಂದಿದ್ದ, ಹೆಂಗಸರು ಕೂತು ಕೊಬ್ಬರಿ ಬಿಡಿಸುವ ಚಿತ್ರವನ್ನು ಸ್ಕ್ಯಾನ್ ಮಾಡಿ ಹಾಕಿದ. ಮಾರನೆಯ ದಿನ ನೋಡಿದರೆ ಚಿತ್ರ ಇಲ್ಲ. ತಾಣದ ಚಿತ್ರಗಳನ್ನು ನೋಡಿಕೊಳ್ಳುವ ಹೊಣೆ ಒಬ್ಬ ಹೆಂಗಸಿನದು. ಯಾವ ಊರಿನವರೋ, ಏನು ಕೆಲಸವೋ ನಮಗೆ ಗೊತ್ತಿರಲಿಲ್ಲ. ನಾವು ಅವರನ್ನು ಮೇಡಂ ಅನ್ನುತ್ತಿದ್ದೆವು. ಅವರು ಸುದ್ದಿಯ ಕೆಳಗೆ ಬರೆದಿದ್ದರು: ಇದು ಪತ್ರಿಕೆಯವರ ಸೊತ್ತು. ಬೇರೆಯವರ ಚಿತ್ರವನ್ನು ಅನುಮತಿ ಇಲ್ಲದೆ, ನ್ಯಾಯಸಮ್ಮತ ಬಳಕೆ ಎಂದು ಹಾಕಬೇಕಾದರೆ ಅಂಥದ್ದು ಇನ್ನೊಂದು ಸಿಗುವುದೇ ಅಸಾಧ್ಯ ಎನ್ನುವಂತಿರಬೇಕು. ಸತ್ತುಹೋದವರ ಚಿತ್ರ, ಬಿದ್ದುಹೋದ ಕಟ್ಟಡದ ಚಿತ್ರ, ಹೀಗೆ. ನಿಮ್ಮ ಕಡೆ ಕೊಬ್ಬರಿ ಬಿಡಿಸುವವರಿಗೆ ಬರವೆ? ನೀವೇ ಒಂದು ತೆಗೆದು ಎಲ್ಲರ ಬಳಕೆಗೆ ಬಿಟ್ಟುಕೊಡಿ.

ಅವನಿಗೆ ಸಿಟ್ಟು ಬರಲಿಲ್ಲ, ನಗು ಬಂತು. "ತಿಪಟೂರ್‌ನಾಗೆ ಕೊಬ್ರಿ ಬಿಡ್ಸೋರು ಇಲ್ವ ಅಂತ ಕೇಳ್ತಾವ್ರಲ್ಲೇ! ಸರಿಯಾಗೇ ಕೇಳವ್ರೆ ಬುಡು" ಅಂದ. ಚಿತ್ರ ಬಳಕೆಯ ನಿಯಮಗಳ ಆ ಪುಟವನ್ನು ಅವತ್ತು ಇಬ್ಬರೂ ಕೂತು ಮೇಲಿಂದ ಕೆಳಗಿನವರೆಗೂ ಓದಿದೆವು. ಅವನಿಗೆ ಅದು ಬಹಳ ಹಿಡಿಸಿತು. ಇನ್ನೊಬ್ಬರದ್ದನ್ನು ಕೇಳದೆ ಮುಟ್ಟಬೇಡ, ನಿನ್ನದನ್ನು ಕೈಬಿಚ್ಚಿ ಕೊಡು. ಇದಕ್ಕಿಂತ ಒಳ್ಳೆಯ ಮಾತು ಇನ್ನೇನಿದೆ ಎಂದು ಬಸ್ ಸ್ಟ್ಯಾಂಡಿನವರೆಗೂ ಹೇಳಿಕೊಂಡು ಬಂದ.

ಆ ಭಾನುವಾರ ಕೇಂದ್ರದ ಡಿಜಿಟಲ್ ಕ್ಯಾಮೆರಾ ತೆಗೆದುಕೊಂಡು ನಮ್ಮೂರಿಗೆ ಬಂದ. ವರ್ಷವೆಲ್ಲ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ ಸುಲಿಸಿ ಹಿತ್ತಲಲ್ಲಿ ರಾಶಿ ಹಾಕಿದ್ದರು. ಅವ್ವ ಗೋಣಿಚೀಲದ ಮೇಲೆ ಕೂತು ಮಚ್ಚಿನ ಹಿಂಬದಿಯಿಂದ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಿದ್ದಳು. ಅವನನ್ನು ಕಂಡರೆ ಅವಳಿಗೆ ತವರೇ ಎದ್ದು ಬಂದ ಹಾಗೆ. ಕ್ಯಾಮೆರಾ ನೋಡಿ ನಾಚಿಕೊಂಡಳು.

"ನನ್ನ ಮಕ ಯಾಕ್ಲಾ, ಕೈಯ್ದು ತಗಿ. ಕೊಬ್ರಿದು ತಗಿ."

"ಎಲ್ಲಾ ಬರ್ತದೆ ಅತ್ತೆ. ನೀವು ಸುಮ್ಕೆ ಕೆಲ್ಸ ಮಾಡ್ತಿರಿ."

ಅವನು ಸುತ್ತ ಓಡಾಡಿ ತೆಗೆಯುತ್ತಿದ್ದಾಗ ಚಿಪ್ಪಿನ ಚೂರೊಂದು ಸಿಡಿದು ಅವ್ವನ ಕಣ್ಣಿಗೆ ಬಿತ್ತು. ಅವಳು ಮಚ್ಚು ಕೆಳಗಿಟ್ಟು ಸೆರಗಿನ ಚುಂಗನ್ನು ಕಣ್ಣಿಗೆ ಒತ್ತಿಕೊಂಡಳು. ಅವನು ಅದನ್ನೂ ತೆಗೆದ. ಆಮೇಲೆ ಒಂದೊಂದನ್ನೇ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತೋರಿಸಿದಾಗ ಅವ್ವ ಕಣ್ಣು ಕಿರಿದು ಮಾಡಿ ನೋಡಿ ನಕ್ಕುಬಿಟ್ಟಳು.

"ಅಯ್ಯೋ, ಯಾವಳೋ ಗೋಳಾಡ್ತಾವ್ಳೆ ಅಂದ್ಕೊತಾರೆ. ಇದೊಂದ ಅಳಿಸ್ಬುಡ್ಲಾ."

"ಇದ್ರಲ್ಲೇ ಅತ್ತೆ, ಜೀವ ಇರೋದು" ಅಂದ. ನಿಜ ಹೇಳಬೇಕೆಂದರೆ ಉಳಿದವುಗಳಲ್ಲಿ ಅವ್ವ ಕ್ಯಾಮೆರಾಕ್ಕೆ ಹೆದರಿದವಳ ಹಾಗೆ ಬಿಗಿದು ಕೂತಿದ್ದಳು. ಅದೊಂದರಲ್ಲಿ ಮಾತ್ರ ಅವಳು ಅವಳಾಗಿದ್ದಳು. ಬೆಳಕು ಕೆನ್ನೆಯ ಮೇಲೆ ಬಿದ್ದಿತ್ತು. ಹಿಂದೆ ಕಾಯಿಯ ರಾಶಿ ಮಬ್ಬಾಗಿತ್ತು.

ತಾಣಕ್ಕೆ ಆ ಚಿತ್ರವನ್ನೇ ಏರಿಸುವಾಗ ಒಂದು ಪುಟ ತುಂಬ ಪ್ರಶ್ನೆಗಳು. ಇದನ್ನು ತೆಗೆದವರು ನೀವೇನಾ? ಎಲ್ಲಿ ತೆಗೆದದ್ದು? ಇದನ್ನು ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ, ಮಾರಾಟಕ್ಕೂ ಸೇರಿ, ಬಳಸಬಹುದು ಎಂದು ಒಪ್ಪುತ್ತೀರಾ? ಕತ್ತರಿಸಬಹುದು, ಬದಲಾಯಿಸಬಹುದು ಎಂದು ಒಪ್ಪುತ್ತೀರಾ? ಬಳಸುವವರು ನಿಮ್ಮ ಹೆಸರು ಹಾಕಬೇಕೆ? ಅವನು ಎಲ್ಲಕ್ಕೂ ಹೌದು ಎಂದು ಗುರುತು ಹಾಕಿದ. ಚಿತ್ರದಲ್ಲಿ ಇರುವವರು ಯಾರು, ಅವರು ಏನಂದರು ಎಂದು ಎಲ್ಲೂ ಕೇಳಿರಲಿಲ್ಲ. ನಮಗೂ ಅದು ಹೊಳೆಯಲಿಲ್ಲ. ಮೇಡಂ ಸಂಜೆಯೇ ಬರೆದರು: ಬಹಳ ಚೆನ್ನಾಗಿದೆ. ಸುದ್ದಿಗೆ ಚಿತ್ರ ಅಂದರೆ ಹೀಗಿರಬೇಕು.

ಅವನು ಅದರದ್ದೊಂದು ಪ್ರತಿ ಮಾಡಿಸಿ ತಂದು ಅವ್ವನಿಗೆ ಕೊಟ್ಟ. ಅವ್ವ ಅದನ್ನು ನೋಡಿ ಮತ್ತೆ ನಕ್ಕು, ಟ್ರಂಕಿನಲ್ಲಿ ಸೀರೆಯ ಮಡಿಕೆಯಲ್ಲಿ ಇಟ್ಟಳು. ಅದು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು.

ವರ್ಷದ ಮೇಲೆ ಕಳೆದಿತ್ತು. ನನ್ನ ಡಿಗ್ರಿ ಮುಗಿದಿತ್ತು. ತುರುವೇಕೆರೆಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿ ಅವ್ವ ನಾನು ವಾಪಸು ಬರುತ್ತಿದ್ದೆವು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಂತಿತು. ನಮ್ಮ ಮುಂದೆ ಇನ್ನೊಂದು ಬಸ್ಸು ನಿಂತಿತ್ತು. ನಾವು ಮುಂದಿನ ಸೀಟಿನಲ್ಲಿದ್ದೆವು. ಅವ್ವ ಕಡಲೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಏ, ಅದು ನಾನಲ್ವೇನೆ?"

ಆ ಬಸ್ಸಿನ ಹಿಂಬದಿಯಲ್ಲಿ ಹಳದಿ ಬಣ್ಣದ ಪೋಸ್ಟರು ಅಂಟಿಸಿದ್ದರು. ಅವ್ವನೇ. ಕಾಯಿ ರಾಶಿ ಇರಲಿಲ್ಲ, ಮಚ್ಚು ಇರಲಿಲ್ಲ, ಹಿತ್ತಲು ಇರಲಿಲ್ಲ. ಎದೆಮಟ್ಟಕ್ಕೆ ಕತ್ತರಿಸಿ ಮುಖವನ್ನಷ್ಟೇ ಉಳಿಸಿದ್ದರು. ಸೆರಗು ಕಣ್ಣಿಗೆ ಒತ್ತಿಕೊಂಡ ಅವ್ವ. ಆ ಒಂದು ಗಳಿಗೆ ಅವಳ ಮುಖದಲ್ಲಿ ಬಂದದ್ದು ಸಂತೋಷವೇ. ತನ್ನನ್ನು ಬಸ್ಸಿನ ಮೇಲೆ ಕಂಡು, ಅದೇನೋ ದೊಡ್ಡದಾಗಿದೆ ಎಂದುಕೊಂಡು, ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಏನಂತ ಬರ್ದವ್ರೆ? ಓದು."

ನಾನು ಓದಲಿಲ್ಲ. ಕಾಣಿಸುತ್ತಿಲ್ಲ ಅಂದೆ. ಅಷ್ಟು ದಪ್ಪ ಅಕ್ಷರ ಕಾಣಿಸದಿರಲು ಸಾಧ್ಯವಿಲ್ಲ ಎಂದು ಓದು ಬಾರದ ಅವಳಿಗೂ ಗೊತ್ತಾಯಿತು. ನನ್ನ ಮುಖ ನೋಡಿದಳು. "ಓದೇ" ಅಂದಳು.

ಓದಿದೆ. 'ನನ್ನ ಗಂಡನ ಕುಡಿತದಿಂದ ನನ್ನ ಬಾಳು ಬೀದಿಪಾಲಾಗಿತ್ತು. ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಟ್ಟೆ. ಈಗ ನೆಮ್ಮದಿಯಾಗಿದ್ದೇನೆ.' ಅದರ ಕೆಳಗೆ ಕುಡಿತ ಬಿಡಿಸುವ ಔಷಧಿಯ ಹೆಸರು. ಡಾಕ್ಟರು ಯಾವ ಯಾವ ಊರಿನ ಯಾವ ಲಾಡ್ಜಿಗೆ ಯಾವ ವಾರ ಬರುತ್ತಾರೆ ಎನ್ನುವ ವಿವರ.

ಅವ್ವ ಬಹಳ ಹೊತ್ತು ಆ ಬಸ್ಸನ್ನೇ ನೋಡಿದಳು. ಅದು ಹೊರಟು, ತಿರುವಿನಲ್ಲಿ ಮರೆಯಾಯಿತು.

"ನಾನ್ಯಾವತ್ತು ಹಂಗಂದೆ?" ಅಂದಳು.

ನಮ್ಮಪ್ಪ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಬೀಡಿ ಕೂಡ ಸೇದುತ್ತಿರಲಿಲ್ಲ. ಅದಕ್ಕೇ ಏನೋ ಊರಿನಲ್ಲಿ ಗಂಡ ಹೆಂಡಿರ ಜಗಳ ನಡೆದಾಗ, ಕುಡಿದು ಹೊಡೆದ ಗಂಡಸನ್ನು ಕೂರಿಸಿ ಬುದ್ಧಿ ಹೇಳಬೇಕಾದಾಗ ಅವನನ್ನೇ ಕರೆಯುತ್ತಿದ್ದರು. ಅಪ್ಪ ಜೋರು ಮಾಡುತ್ತಿರಲಿಲ್ಲ. ಎದುರಿಗೆ ಕೂತು, ಮನೆಯಲ್ಲಿ ಮಕ್ಕಳು ಏನು ಉಂಡವು ಎಂದು ಕೇಳುತ್ತಿದ್ದ. ಅಷ್ಟಕ್ಕೇ ಎಷ್ಟೋ ಜನ ತಲೆ ತಗ್ಗಿಸುತ್ತಿದ್ದರು.

ನಾವು ಮನೆಗೆ ಬಂದು ಹೇಳುವ ಮೊದಲೇ ಅವನಿಗೆ ಗೊತ್ತಾಗಿತ್ತು. ಅಪ್ಪ ಹಿಂದೊಮ್ಮೆ ಪಂಚಾಯ್ತಿಯಲ್ಲಿ ಕೂರಿಸಿ ಬುದ್ಧಿ ಹೇಳಿದ್ದ ಕುಡುಕನೊಬ್ಬ ಹೊನ್ನವಳ್ಳಿಯ ಟೀ ಅಂಗಡಿಯ ಮುಂದೆ ನಾಲ್ಕು ಜನರ ಎದುರಿಗೆ ಕೇಳಿದನಂತೆ: "ಏನ್ ಯಜಮಾನ್ರೇ, ನಮ್ಗೆಲ್ಲಾ ಬುದ್ಧಿ ಹೇಳ್ತಿದ್ರಿ. ಅಕ್ಕಯ್ಯ ಬಸ್ಸಿನ ಹಿಂದೆ ಕೂತ್ಕಂಡು ಅಳ್ತಾವ್ಳಲ್ಲ!" ಅಲ್ಲಿದ್ದವರು ಅವನನ್ನು ಗದರಿಸಿದರಂತೆ. ಗದರಿಸುವ ಮೊದಲು ನಕ್ಕರಂತೆ. ಅಪ್ಪ ಹೇಳಿದ್ದು ಇಷ್ಟೇ. ಹೇಳಿ ಎದ್ದು ತೋಟಕ್ಕೆ ಹೋದ.

ಪೋಸ್ಟರಿನ ಅಡಿಯಲ್ಲಿ ತುಮಕೂರಿನ ಒಂದು ಪ್ರೆಸ್ಸಿನ ಹೆಸರಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೊರಟ. ದಾರಿಯಲ್ಲಿ ನಾನು ಅವನಿಗೆ ಎಲ್ಲ ಹೇಳಿದೆ. ಚಿತ್ರ ತೆಗೆದದ್ದು ಯಾರು ಎನ್ನುವುದು ಅವನಿಗೆ ಗೊತ್ತೇ ಇತ್ತು. ಅದು ಇಂಟರ್‌ನೆಟ್ಟಿಗೆ ಹೋದದ್ದು, ಅಲ್ಲಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎನ್ನುವುದನ್ನು ಬಿಡಿಸಿ ಹೇಳಿದೆ. ಅಪ್ಪ ಹೂಂ ಅನ್ನುತ್ತಿದ್ದ. ಅರ್ಥವಾಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಯಾರೋ ಕದ್ದಿದ್ದಾರೆ, ಹೋಗಿ ಹಿಡಿದು ಕೇಳಿದರೆ ಒಪ್ಪಿಕೊಳ್ಳುತ್ತಾರೆ ಎಂದೇ ಅವನ ಮನಸ್ಸಿನಲ್ಲಿತ್ತು.

ಪ್ರೆಸ್ಸಿನವನು ಕೆಟ್ಟವನಾಗಿರಲಿಲ್ಲ. ನಮ್ಮನ್ನು ಕೂರಿಸಿ ನೀರು ಕೊಡಿಸಿದ. ಅಪ್ಪನ ಮಾತು ಪೂರ್ತಿ ಕೇಳಿ, ಒಂದು ಪೋಸ್ಟರು ತಂದು ಮೇಜಿನ ಮೇಲೆ ಬಿಡಿಸಿ, ಬೆರಳಿಟ್ಟು ಒಂದು ಮೂಲೆ ತೋರಿಸಿದ.

"ನಾನು ಕದ್ದಿಲ್ಲ ಯಜಮಾನ್ರೇ. ಮೊದ್ಲು ಸಿನಿಮಾದವ್ರ ಫೋಟೋ ಹಾಕ್ತಿದ್ದೆ, ಅದ್ರಿಂದ ತೊಂದ್ರೆ ಆಯ್ತು. ಅವತ್ತಿಂದ ಪರ್ಮಿಷನ್ ಇಲ್ದೆ ಇರೋದು ಮುಟ್ಟಲ್ಲ. ಇದನ್ನ ಎಲ್ರೂ ಬಳಸ್ಬೋದು ಅಂತ ಬರ್ದಿದ್ರು. ತೆಗ್ದೋರ ಹೆಸ್ರು ಹಾಕ್ಬೇಕು ಅಂತಿತ್ತು, ಹಾಕಿದ್ದೀನಿ ನೋಡಿ. ಬೇರೆಯೋರು ಇಷ್ಟೂ ಮಾಡಲ್ಲ."

ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಚಿತ್ರ' ಎಂದು ಹಾಕಿ, ಅದರ ಮುಂದೆ ನನ್ನ ಮಾವನ ಮಗನ ಹೆಸರು ಇತ್ತು. ಅವನ ಅಪ್ಪನ ಹೆಸರು, ಊರಿನ ಹೆಸರಿನ ಸಮೇತ. ತಾಣದಲ್ಲಿ ಅವನು ಹಾಗೇ ಬರೆದುಕೊಳ್ಳುತ್ತಿದ್ದ. ಅಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಅದನ್ನು ಅಕ್ಷರ ಅಕ್ಷರವಾಗಿ ಓದಿದ.

"ಅಂದ್ರೆ ಅವ್ನೇ ಕೊಟ್ಟವ್ನೆ" ಅಂದ.

"ಇವರಿಗೆ ಅಂತ ಕೊಟ್ಟಿದ್ದಲ್ಲಪ್ಪ. ಎಲ್ರಿಗೂ ಕೊಟ್ಟಿದ್ದು."

"ಎಲ್ರಿಗೂ ಕೊಡಕ್ಕೆ ಅವಳೇನು ಊರ ಬಾವಿಯ?"

ಪ್ರೆಸ್ಸಿನವನು ಕಿಟಕಿಯ ಕಡೆ ನೋಡಿದ.

"ಅವ್ನು ದುಡ್ಡು ಮುಟ್ಟಿಲ್ಲಪ್ಪ" ಅಂದೆ.

"ಮುಟ್ಟಿದ್ರೆ ಅರ್ಥ ಆಗ್ತಿತ್ತು ಕಣವ್ವ" ಅಂದ ಅಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಏನೋ ಕೈಜಾರಿ ಹೋದವನ ದನಿ ಅದು.

ಮುಂದೆ ಆ ಚಿತ್ರ ಹಾಕುವುದಿಲ್ಲ ಎಂದು ಪ್ರೆಸ್ಸಿನವನು ಮಾತು ಕೊಟ್ಟ. ಅದನ್ನು ಉಳಿಸಿಕೊಂಡನೆಂದೇ ಕಾಣುತ್ತದೆ. ಆದರೆ ಅಂಟಿಸಿದ್ದನ್ನು ಅವನೇನು ಮಾಡಲಾದೀತು? ಪೊಲೀಸರ ಹತ್ತಿರ ಹೋಗೋಣ ಎಂದು ಬಸ್ಸಿನಲ್ಲಿ ನಾನು ಹೇಳಿದೆ. ಅಪ್ಪ ಬೇಡ ಅಂದ. ಅಲ್ಲಿ ಹೋಗಿ ಇವಳು ನನ್ನ ಹೆಂಡತಿ, ನಾನು ಕುಡುಕನಲ್ಲ ಎಂದು ಇನ್ನಷ್ಟು ಜನಕ್ಕೆ ಹೇಳಬೇಕಾಗುತ್ತದಲ್ಲ, ಅದು ಅವನಿಗೆ ಆಗದ ಕೆಲಸವಾಗಿತ್ತು.

ಮಾವನ ಮಗ ಸುದ್ದಿ ತಿಳಿದ ದಿನವೇ ಓಡಿಬಂದ. ಜಗಲಿಯ ಅಂಚಿನಲ್ಲಿ ಕೂತ. ಅವನ ಮುಖ ಬಿಳಿಚಿಕೊಂಡಿತ್ತು. ತಾಣದಿಂದ ತೆಗೆಸುತ್ತೇನೆ, ಎಲ್ಲೆಲ್ಲಿ ಅಂಟಿಸಿದ್ದಾರೋ ಹೋಗಿ ಕಿತ್ತು ಬರುತ್ತೇನೆ ಎಂದು ಒಂದೇ ಸಮನೆ ಹೇಳುತ್ತಿದ್ದ. ಅಪ್ಪ ಎದುರಿಗೆ ಕೂತು ಕೇಳಿಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು. ಕಡೆಗೆ ಅವನು, "ನಾನು ತಪ್ಪು ಕೆಲ್ಸ ಮಾಡ್ಲಿಲ್ಲ ಮಾವ. ಎಲ್ಲಾ ನಿಯಮದ ಪ್ರಕಾರನೇ ಮಾಡಿದ್ದು" ಅಂದ.

ಆಗ ಒಳಗಿನಿಂದ, ಬಾಗಿಲ ಹಿಂದೆ ನಿಂತಿದ್ದ ಅವ್ವ ಅಂದಳು: "ಅವತ್ತೇ ಅಳಿಸ್ಬುಡು ಅಂದಿದ್ದೆ ಕಣ್ಲಾ."

ಅಷ್ಟೇ. ಅವಳು ಅದನ್ನು ಬೈಗುಳದಂತೆ ಹೇಳಲಿಲ್ಲ. ಮೆಲ್ಲಗೆ, ಒಲೆ ಆರಿದೆ ಎನ್ನುವ ಹಾಗೆ ಹೇಳಿದಳು. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಬೇಲಿಯವರೆಗೆ ಹೋದೆ. ಅವನು ತಿರುಗಿ ನೋಡಲಿಲ್ಲ. ನಾನೂ ಕರೆಯಲಿಲ್ಲ.

ತಾಣದಲ್ಲಿ ಅವನು ಮನವಿ ಹಾಕಿದ. ಮೇಡಂ ಉತ್ತರಿಸಿದರು. ಅವರಿಗೆ ನಿಜಕ್ಕೂ ನೋವಾಗಿತ್ತು ಎಂದು ಬರಹದಲ್ಲೇ ಕಾಣುತ್ತಿತ್ತು. ನಮ್ಮ ತಾಣದಿಂದ ಈಗಲೇ ತೆಗೆಯುತ್ತೇನೆ, ಆದರೆ ಒಮ್ಮೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವ ದಾರಿ ಇಲ್ಲ, ಈಗಾಗಲೇ ತೆಗೆದುಕೊಂಡವರನ್ನು ನಾವು ತಡೆಯಲಾರೆವು ಎಂದು ಬರೆದಿದ್ದರು. ಬೇರೆ ಊರುಗಳ ಇನ್ನಾರೋ ಚರ್ಚೆಗೆ ಇಳಿದರು. ಒಬ್ಬರು, ನಿಯಮ ಇರುವುದು ಚಿತ್ರ ಯಾರ ಸೊತ್ತು ಎನ್ನುವುದಕ್ಕೆ, ಚಿತ್ರದಲ್ಲಿರುವವರ ಮಾನದ ಪ್ರಶ್ನೆ ಬೇರೆ ವಿಷಯ ಅಂದರು. ಇನ್ನೊಬ್ಬರು, ಬೀದಿಯಲ್ಲಿ ಕಂಡವರನ್ನೆಲ್ಲ ಒಪ್ಪಿಗೆ ಕೇಳುತ್ತ ಹೋದರೆ ಸುದ್ದಿ ಬರೆಯುವುದು ಹೇಗೆ ಎಂದು ಕೇಳಿದರು.

ನಾನು ತಿಪಟೂರಿನ ಸೈಬರ್ ಸೆಂಟರಿನ ಒಂದು ಗೂಡಿನಲ್ಲಿ ಕೂತು ಮೊದಲ ಸಲ ನನ್ನದೇ ಹೆಸರಿನಲ್ಲಿ ಬರೆದೆ. ಅದು ಬೀದಿಯಲ್ಲ, ನಮ್ಮ ಹಿತ್ತಲು. ಚಿತ್ರದಲ್ಲಿರುವುದು ನನ್ನ ತಾಯಿ. ಆಕೆ ಅಳುತ್ತಿರಲಿಲ್ಲ, ಕಣ್ಣಿಗೆ ಚಿಪ್ಪು ಬಿದ್ದಿತ್ತು. ಇಷ್ಟು ಬರೆದು ಎದ್ದು ಬಂದೆ. ಅದಕ್ಕೆ ಯಾರೂ ಮರುಮಾತು ಬರೆಯಲಿಲ್ಲ. ಕೆಲವು ದಿನದ ಮೇಲೆ ನಿಯಮಗಳ ಪುಟದ ಕೊನೆಯಲ್ಲಿ ಮೇಡಂ ಒಂದು ಸಾಲು ಸೇರಿಸಿದ್ದರು: ಮನೆಯ ಆವರಣದಲ್ಲಿ ತೆಗೆದ ಚಿತ್ರವಾದರೆ, ಅದು ಎಲ್ಲೆಲ್ಲಿ ಹೋಗಬಹುದು ಎನ್ನುವುದನ್ನು ಅದರಲ್ಲಿರುವವರಿಗೂ ತಿಳಿಸಿ ಒಪ್ಪಿಗೆ ಪಡೆಯಿರಿ. ಓದಿ ನನಗೆ ಸಮಾಧಾನವೇನೂ ಆಗಲಿಲ್ಲ. ನಮ್ಮ ಮನೆಯಲ್ಲಿ ಆದದ್ದೆಲ್ಲ ಸೇರಿ ಆ ಒಂದು ಸಾಲಾಗಿತ್ತು.

ಅಷ್ಟು ಹೊತ್ತಿಗೆ ಹೊನ್ನವಳ್ಳಿಯ ಬಸ್ ತಂಗುದಾಣದ ಗೋಡೆಗೂ ಅದನ್ನು ಅಂಟಿಸಿದ್ದರು. ಅಪ್ಪ ಒಂದು ಬೆಳಿಗ್ಗೆ ತೋಟದ ಮಚ್ಚು ಹಿಡಿದು ಅಲ್ಲಿಗೆ ಹೋದ. ನಾನು ಬಕೆಟ್ಟಿನಲ್ಲಿ ನೀರು ತೆಗೆದುಕೊಂಡು ಹಿಂದೆಯೇ ಹೋದೆ. ಶಾಲೆಗೆ ಹೊರಟ ಮಕ್ಕಳು, ಬಸ್ಸಿಗೆ ಕಾಯುವವರು ಎಲ್ಲ ನೋಡುತ್ತಿದ್ದರು. ಅಪ್ಪ ಕಾಗದವನ್ನು ಒದ್ದೆ ಮಾಡಿ ಅಕ್ಷರಗಳನ್ನು ಕೆರೆದ. ಗಂಡನ ಕುಡಿತ ಹೋಯಿತು, ಬಾಳು ಬೀದಿಪಾಲಾದದ್ದು ಹೋಯಿತು, ಡಾಕ್ಟರು ಬರುವ ಲಾಡ್ಜು ಹೋಯಿತು. ಮುಖದ ಹತ್ತಿರ ಬಂದಾಗ ಅವನ ಕೈ ನಿಂತಿತು. ಮಚ್ಚನ್ನು ಎರಡು ಸಲ ಎತ್ತಿ ಇಳಿಸಿದ. ಆಮೇಲೆ ನನ್ನ ಕೈಗೆ ಕೊಟ್ಟು, "ನೀನು ಮಾಡವ್ವ" ಅಂದ. ನನಗೂ ಆಗಲಿಲ್ಲ. ಬಕೆಟ್ಟು ಎತ್ತಿಕೊಂಡು ಇಬ್ಬರೂ ಮನೆಗೆ ಬಂದೆವು. ಅಕ್ಷರವಿಲ್ಲದ ಅವ್ವನ ಮುಖ ಮಳೆಗಾಲದವರೆಗೂ ಆ ಗೋಡೆಯ ಮೇಲಿತ್ತು. ಬಿಸಿಲಿಗೆ ಬಣ್ಣ ಹೋಗಿ, ಕೆನ್ನೆಯ ಮೇಲೆ ಯಾರದೋ ಎಲೆಅಡಿಕೆ ಉಗುಳು ಬಿದ್ದು, ಕಡೆಗೆ ಅಲ್ಲೊಂದು ಮುಖವಿತ್ತು ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುವ ಹಾಗಾಯಿತು.

ಆಮೇಲೆ ಅಪ್ಪ ಪಂಚಾಯ್ತಿಗಳಿಗೆ ಹೋಗುವುದನ್ನು ಬಿಟ್ಟ. ಕರೆಯಲು ಬಂದವರಿಗೆ ಸೊಂಟನೋವು ಅನ್ನುತ್ತಿದ್ದ. ಬರಬರುತ್ತ ಕರೆಯಲೂ ಯಾರೂ ಬರಲಿಲ್ಲ. ಪೋಸ್ಟರಿನಲ್ಲಿ ಬರೆದದ್ದನ್ನು ಊರಿನವರು ನಂಬಲಿಲ್ಲ, ಅದು ನಿಜ. ಆದರೆ ದೂರದ ಊರಿನವರು, ಕೊಬ್ಬರಿ ಮಾರ್ಕೆಟ್ಟಿನಲ್ಲಿ ಮುಖಪರಿಚಯ ಇದ್ದವರು, ಅಪ್ಪ ಕಂಡಾಗ ಒಂದು ಕ್ಷಣ ಹೆಚ್ಚು ನೋಡುತ್ತಿದ್ದರಂತೆ. ಒಬ್ಬರು ತೀರ ವಿಶ್ವಾಸದಿಂದ, "ಬಿಟ್ರಲ್ಲ, ಒಳ್ಳೇದಾಯ್ತು ಬುಡಿ" ಅಂದರಂತೆ. ಅಪ್ಪ ಮಾರ್ಕೆಟ್ಟಿಗೆ ಆಳನ್ನು ಕಳಿಸತೊಡಗಿದ.

ಅವ್ವನಿಗೆ ಆದದ್ದು ಇನ್ನೊಂದು. ಮಾವ, ಅಂದರೆ ಅವಳ ಅಣ್ಣ, ಮಗನ ಪರವಾಗಿ ಮಾತಾಡಲು ಬಂದ. "ನನ್ನ ಮಗ ಕಳ್ತನ ಮಾಡವ್ನಾ? ಒಳ್ಳೇದಕ್ಕೆ ಮಾಡಿದ್ದು ಹಿಂಗಾಯ್ತು. ಅದಕ್ಕೆ ಮನೆ ಬಾಗ್ಲಿಗೆ ಬಂದೋನಿಗೆ ನೀರೂ ಕೊಡ್ದಂಗೆ ಕಳಿಸ್ತೀರಾ?" ಎಂದು ಕೇಳಿದ. ಅಪ್ಪ ಅದುವರೆಗೆ ಹಿಡಿದಿಟ್ಟುಕೊಂಡಿದ್ದೆಲ್ಲ ಅವತ್ತು ಹೊರಗೆ ಬಂತು. ಇಬ್ಬರೂ ಆಡಬಾರದ್ದನ್ನು ಆಡಿದರು. ಮಾವ ಹೊರಟಾಗ ಅವ್ವ ಅಡುಗೆಮನೆಯಲ್ಲಿ ಅನ್ನ ಬಸಿಯುತ್ತಿದ್ದಳು. ಗಂಜಿ ಕೈ ಮೇಲೆ ಬಿದ್ದರೂ ಪಾತ್ರೆ ಇಳಿಸಲಿಲ್ಲ. ಅಲ್ಲಿಂದ ಮುಂದೆ ಗೌರಿ ಹಬ್ಬಕ್ಕೆ ಅವಳ ತವರಿನಿಂದ ಬಾಗಿನ ಬರಲಿಲ್ಲ. ಅವಳೂ ಹೋಗಲಿಲ್ಲ.

ನನ್ನ ಮದುವೆ ತುರುವೇಕೆರೆಯ ಮನೆತನಕ್ಕೆ ಆಯಿತು. ಹೈಸ್ಕೂಲು ಮೇಷ್ಟರು, ಒಳ್ಳೆಯವರು. ನೋಡಲು ಬಂದ ದಿನವೇ ಅಪ್ಪ ಅವರ ತಂದೆಯನ್ನು ಪಕ್ಕಕ್ಕೆ ಕರೆದು ಪೋಸ್ಟರಿನ ವಿಷಯ ತಾನಾಗಿಯೇ ಹೇಳಿದ. ಅವರು ಅದನ್ನು ನೋಡಿಯೇ ಇರಲಿಲ್ಲ. ಹೇಳಿದ್ದರಿಂದ ಗೊತ್ತಾಯಿತು ಅಷ್ಟೇ. ಧಾರೆಯ ಹೊತ್ತಿಗೆ ಹೆಣ್ಣನ್ನು ಕೈಹಿಡಿದು ಹಸೆಗೆ ಕರೆತರಬೇಕಾದವನು ಸೋದರಮಾವ. ಅಪ್ಪನ ಕಡೆಯ ದೂರದ ನೆಂಟರೊಬ್ಬರು ಆ ಜಾಗದಲ್ಲಿ ನಿಂತರು. ಅವರ ಕೈ ಬೆವೆತಿತ್ತು. ಫೋಟೋದವನು ಎಲ್ಲರೂ ಒಟ್ಟಿಗೆ ನಿಲ್ಲಿ ಎಂದು ಕರೆದಾಗ ಅವ್ವ ಅಡುಗೆಯವರ ಹತ್ತಿರ ಕೆಲಸವಿದೆ ಎಂದು ಹೋಗಿಬಿಟ್ಟಳು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅವ್ವ ಇಲ್ಲ.

ಆ ಸುದ್ದಿತಾಣವೂ ಬಹಳ ದಿನ ನಡೆಯಲಿಲ್ಲ. ಬರೆಯುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಒಂದು ದಿನ ತೆರೆದರೆ ಪುಟ ಸಿಗಲಿಲ್ಲ ಎಂದು ಬಂತು. ಮೇಡಂ ಯಾರು ಎನ್ನುವುದು ನನಗೆ ಕಡೆಗೂ ತಿಳಿಯಲಿಲ್ಲ.

ಮದುವೆಯಾಗಿ ಎರಡು ಮೂರು ವರ್ಷದ ಮೇಲೆ ಯಾವುದೋ ಕೆಲಸಕ್ಕೆ ಹುಳಿಯಾರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಪಕ್ಕ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅವನು ಕೂತಿದ್ದ. ತಿಪಟೂರಿನ ಕೆಲಸ ಬಿಟ್ಟು ಊರು ಸೇರಿದ್ದಾನೆಂದು ಕೇಳಿದ್ದೆ, ನೋಡಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ. ಸಣ್ಣಗಾಗಿದ್ದ. ಸ್ಟೂಲು ಎಳೆದು ಕೊಟ್ಟ.

ಬಹಳ ಹೊತ್ತು ಮಳೆ, ಬಸ್ಸು, ಅವರಿವರ ಆರೋಗ್ಯ ಎಂದೇ ಮಾತಾಡಿದೆವು. ನಡುವೆ ಯಾರೋ ರೇಷನ್ ಕಾರ್ಡು ಜೆರಾಕ್ಸ್ ಮಾಡಿಸಲು ಬಂದರು. ಪಾಸ್‌ಪೋರ್ಟ್ ಫೋಟೋ ತೆಗೆಯುತ್ತೀರಾ ಎಂದು ಕೇಳಿದರು. "ಇಲ್ಲ, ಬರೀ ಜೆರಾಕ್ಸು" ಅಂದ. ಅವರು ಹೋದ ಮೇಲೆ ನನ್ನ ಕಡೆ ನೋಡದೆ ಹೇಳಿದ:

"ಆವಾಗ ಎಲ್ರೂ ನಾನು ಫೋಟೋ ಮಾರ್ಕಂಡೆ ಅಂದ್ರು ಕಣೇ. ನೀನೂ ಹಂಗೇ ಅಂದ್ಕಂಡ್ಯಾ?"

"ಇಲ್ಲ" ಅಂದೆ.

"ಹೇಳ್ಬೋದಿತ್ತು ಅವತ್ತು."

"ಹೇಳ್ಬೋದಿತ್ತು."

ಅವನು ಮೆಷಿನ್ನಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದ. ನನ್ನ ಬಸ್ಸು ಬಂತು. ಅತ್ತೆ ಹೇಗಿದ್ದಾರೆ ಎಂದು ಅವನು ಕೇಳಿದ್ದು ನಾನು ಬಸ್ಸು ಹತ್ತುವಾಗ. ಚೆನ್ನಾಗಿದ್ದಾಳೆ ಅಂದೆ.

ಅದೇ ವಾರ ತವರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಮದುವೆಯಾಯಿತಾ ಎಂದು ಕೇಳಿದಳು. ಇಲ್ಲ ಅಂದೆ. ಊಟಕ್ಕೆ ಏನು ಮಾಡುತ್ತಾನೆ, ಮನೆಗೆ ಹೋಗುತ್ತಾನಾ ಇಲ್ಲ ಹೋಟೆಲ್ಲಾ ಎಂದು ಕೇಳಿದಳು. ಅದು ನನಗೆ ಗೊತ್ತಿರಲಿಲ್ಲ. "ಅಷ್ಟೂ ಕೇಳ್ಲಿಲ್ವೇನೆ" ಎಂದು ಸಿಡುಕಿದಳು.

ಅಪ್ಪ ಜಗಲಿಯ ಮೇಲೆ ಮಲಗಿದ್ದ. ನಿದ್ದೆ ಮಾಡಿದ್ದಾನೆ ಅಂದುಕೊಂಡಿದ್ದೆವು.

"ಅಂಗ್ಡಿ ಎಲ್ಲಿ ಅಂದೆ?" ಅಂದ.

"ಹುಳಿಯಾರು ಬಸ್ ಸ್ಟ್ಯಾಂಡಿನ ಪಕ್ಕ, ಔಷಧಿ ಅಂಗಡಿ ಆದ್ಮೇಲೆ."

"ಹೂಂ" ಅಂದ. ಅವ್ವ ಕೈ ನಿಲ್ಲಿಸಿ ಜಗಲಿಯ ಕಡೆ ನೋಡಿದಳು. ಅಪ್ಪ ಮಗ್ಗುಲು ಬದಲಾಯಿಸಿ ಗೋಡೆಗೆ ಮುಖ ಮಾಡಿದ. ಆಮೇಲೆ ಬದುಕಿರುವಷ್ಟು ದಿನವೂ ಅವನು ಹುಳಿಯಾರಿನ ಕಡೆ ಹೋಗಲಿಲ್ಲ.